ಮೈಕ್‌ಸೆಟ್ ಪೆಟ್ಟಿಗೆಯ ಗುಂಯ್ ಸದ್ದು: ಕಬ್ಬಿಣ ಹಾಡಿದ ಕತೆ

ಮೈಕ್‌ಸೆಟ್ ಆನ್ ಮಾಡಿ, ಇನ್ನೂ ಯಾರೂ ಮಾತು ಶುರು ಮಾಡದಿದ್ದಾಗ ಕಿವಿಗೊಟ್ಟು ಕೇಳಿ. ಎರಡು ಬಗೆಯ ಗುಂಯ್ ಸದ್ದು ಇರಬಹುದು. ಒಂದು ಹಾರ್ನ್‌ನಲ್ಲಿ ಬರುವುದು, ಊರಿಗೆಲ್ಲ ಕೇಳುವುದು. ಇನ್ನೊಂದು ಆಂಪ್ಲಿಫೈಯರ್ ಪೆಟ್ಟಿಗೆಯಲ್ಲೇ ಹುಟ್ಟುವುದು, ಪಕ್ಕದಲ್ಲಿ ಕೂತ ಆಪರೇಟರ್‌ಗಷ್ಟೇ ಕೇಳುವುದು. ವಾಲ್ಯೂಮ್ ಪೂರ್ತಿ ಇಳಿಸಿದರೂ ಈ ಎರಡನೆಯದು ನಿಲ್ಲುವುದಿಲ್ಲ. ಪೆಟ್ಟಿಗೆಯನ್ನು ತಗಡಿನ ಮೇಜಿನ ಮೇಲೆ ಇಟ್ಟಿದ್ದರೆ ಮೇಜೂ ಜೊತೆಗೆ ನಡುಗುತ್ತದೆ.

ಊರ ಕಡೆ ಎರಡಕ್ಕೂ ಒಂದೇ ಹೆಸರು, ‘ಹಮ್ಮಿಂಗ್’. ಹೆಸರು ಒಂದೇ ಆದ್ದರಿಂದ ಔಷಧಿಯೂ ಒಂದೇ ಇರಬೇಕು ಎಂದುಕೊಂಡು ಕೆಲವರು ಮೂರು ಪಿನ್ನಿನ ಪ್ಲಗ್‌ನಿಂದ ಅರ್ತ್ ವೈರನ್ನು ಕಿತ್ತುಹಾಕುತ್ತಾರೆ. ಹಾರ್ನ್‌ನ ಸದ್ದು ಅದರಿಂದ ಕೆಲವು ಸಲ ನಿಲ್ಲುತ್ತದೆ. ಪೆಟ್ಟಿಗೆಯ ಸದ್ದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಬದಲಾಗುವುದು ಮೈಕ್ ಹಿಡಿದವರ ಜೀವಕ್ಕಿದ್ದ ರಕ್ಷಣೆ. ಆ ಮಾತಿಗೆ ಆಮೇಲೆ ಬರುತ್ತೇವೆ. ಮೊದಲು ಪೆಟ್ಟಿಗೆಯ ಸದ್ದು ಎಲ್ಲಿಂದ ಬಂತು ನೋಡೋಣ. ಅದು ಮೈಕ್‌ಗಿಂತ ಹಳೆಯದು, ಕರೆಂಟ್ ಕಂಬಕ್ಕಿಂತಲೂ ಹಳೆಯದು.

1837ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಊರಿನಲ್ಲಿ ಚಾರ್ಲ್ಸ್ ಗ್ರಾಫ್ಟನ್ ಪೇಜ್ ಎಂಬ ವೈದ್ಯರಿದ್ದರು. ಅವರಿಗೆ ವಿದ್ಯುತ್ ಪ್ರಯೋಗಗಳ ಹುಚ್ಚು. ಕುದುರೆ ಲಾಳದ ಆಕಾರದ ಅಯಸ್ಕಾಂತದ ಹತ್ತಿರ ತಾಮ್ರದ ತಂತಿಯ ಸುರುಳಿ ಇಟ್ಟು, ಬ್ಯಾಟರಿಯ ಕರೆಂಟನ್ನು ಕೊಟ್ಟು ತೆಗೆದು ಮಾಡುತ್ತಿದ್ದಾಗ ಅಯಸ್ಕಾಂತ ಟಿಂಗ್ ಎಂದು ದನಿ ಮಾಡಿತು. ಯಾರೂ ಅದನ್ನು ಬಡಿದಿರಲಿಲ್ಲ, ಮುಟ್ಟಿಯೂ ಇರಲಿಲ್ಲ. ಪೇಜ್ ಇದಕ್ಕೆ ವಿದ್ಯುತ್ ಸಂಗೀತ ಎಂಬ ಅರ್ಥದ ಹೆಸರಿಟ್ಟು ಪತ್ರಿಕೆಯಲ್ಲಿ ಬರೆದರು. ಆಗ ಮನೆಗೆ ಕರೆಂಟ್ ಎನ್ನುವುದೇ ಇರಲಿಲ್ಲ. ಬಲ್ಬು ಬರಲು ಇನ್ನೂ 40 ವರ್ಷ ಬಾಕಿಯಿತ್ತು.

ಕಬ್ಬಿಣ ಯಾಕೆ ಸದ್ದು ಮಾಡಿತು ಎನ್ನುವುದಕ್ಕೆ ಉತ್ತರದ ದಾರಿ ತೋರಿಸಿದವರು ಇಂಗ್ಲೆಂಡಿನ ಜೇಮ್ಸ್ ಜೌಲ್. ಶಾಲೆಯ ಭೌತಶಾಸ್ತ್ರದಲ್ಲಿ ಶಕ್ತಿಯ ಅಳತೆಗೆ ‘ಜೌಲ್’ ಎಂದು ಓದಿದ್ದೀರಲ್ಲ, ಅವರೇ. ಮ್ಯಾಂಚೆಸ್ಟರ್ ಕಡೆಯ ಬಿಯರ್ ತಯಾರಕರ ಮಗ. 1842ರ ಹೊತ್ತಿಗೆ ಅವರು ಕಬ್ಬಿಣದ ಸಲಾಕೆಗೆ ತಂತಿ ಸುತ್ತಿ, ಕರೆಂಟ್ ಹರಿಸಿ, ಅದು ಅಯಸ್ಕಾಂತ ಆದಾಗ ಉದ್ದವಾಗುತ್ತದೆಯೇ ಎಂದು ಅಳೆದರು. ಉದ್ದವಾಗಿತ್ತು, ಆದರೆ ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟು. ಒಂದು ಕಿಲೋಮೀಟರ್ ಉದ್ದದ ಕಂಬಿ ಕೆಲವು ಮಿಲಿಮೀಟರ್ ಬೆಳೆದ ಹಾಗೆ. ಅದನ್ನು ಕಾಣಲು ಸನ್ನೆಗೋಲುಗಳನ್ನು ಜೋಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಯಿತು.

ನಮಗೆ ಹೆಚ್ಚು ಹಿಡಿಸಿದ್ದು ಅವರ ಮುಂದಿನ ಪರೀಕ್ಷೆ. ಸಲಾಕೆ ಉದ್ದವಾದರೆ ಅದರ ಗಾತ್ರವೂ ಹೆಚ್ಚಾಗುತ್ತದೆಯೇ? ಜೌಲ್ ಸಲಾಕೆಯನ್ನು ನೀರು ತುಂಬಿದ ಕೊಳವೆಯಲ್ಲಿ ಮುಳುಗಿಸಿ, ಬಾಯಿಗೆ ಕೂದಲಿನಷ್ಟು ಸಣ್ಣ ಗಾಜಿನ ನಳಿಕೆ ಸಿಕ್ಕಿಸಿದರು. ಗಾತ್ರ ಹೆಚ್ಚಿದರೆ ನಳಿಕೆಯಲ್ಲಿ ನೀರು ಏರಬೇಕು. ಏರಲಿಲ್ಲ. ಅಂದರೆ ಕಬ್ಬಿಣ ಉದ್ದಕ್ಕೆ ಹಿಗ್ಗಿದಷ್ಟೇ ಅಡ್ಡಕ್ಕೆ ಸೊರಗುತ್ತದೆ, ಹಿಡಿದು ಎಳೆದ ರಬ್ಬರ್ ಬ್ಯಾಂಡ್‌ನಂತೆ. ಹಿಗ್ಗುವುದು, ಕುಗ್ಗುವುದು, ಮತ್ತೆ ಹಿಗ್ಗುವುದು. ಇದು ಸೆಕೆಂಡಿಗೆ ಹತ್ತಾರು ಸಲ ನಡೆದರೆ ಗಾಳಿ ನಡುಗುತ್ತದೆ, ನಮ್ಮ ಕಿವಿಗೆ ಸದ್ದು ಬರುತ್ತದೆ. ತಮಟೆಯ ಚರ್ಮ ಮಾಡುವುದೂ ಇದೇ ಕೆಲಸ.

ಇನ್ನೊಂದು ಸಂಗತಿ ಕೇಳಿದರೆ ಮೈಕ್‌ಸೆಟ್‌ನವರಿಗೆ ಖುಷಿಯಾಗಬಹುದು. 1861ರಲ್ಲಿ ಜರ್ಮನಿಯ ಶಾಲಾ ಮೇಷ್ಟ್ರು ಫಿಲಿಪ್ ರೈಸ್ ಎಂಬುವರು ದೂರಕ್ಕೆ ಸದ್ದು ಕಳಿಸುವ ಯಂತ್ರವೊಂದನ್ನು ಫ್ರಾಂಕ್‌ಫರ್ಟ್‌ನಲ್ಲಿ ತೋರಿಸಿದರು. ಗ್ರಹಾಂ ಬೆಲ್ಲರ ಟೆಲಿಫೋನ್ ಬಂದದ್ದು ಅದಕ್ಕೂ 15 ವರ್ಷ ಆದಮೇಲೆ. ರೈಸ್ ಮೇಷ್ಟ್ರ ಯಂತ್ರದಲ್ಲಿ ಸದ್ದು ಹೊರಡಿಸುವ ಭಾಗ ಏನಿತ್ತು ಗೊತ್ತೇ? ಸ್ವೆಟರ್ ಹೆಣೆಯುವ ಉಕ್ಕಿನ ಕಡ್ಡಿ. ಅದರ ಸುತ್ತ ತಂತಿಯ ಸುರುಳಿ, ಕೆಳಗೆ ಪಿಟೀಲಿನ ಒಡಲಿನಂಥ ಟೊಳ್ಳು ಮರದ ಪೆಟ್ಟಿಗೆ. ಸುರುಳಿಯಲ್ಲಿ ಕರೆಂಟ್ ಹರಿದು ನಿಂತ ಹಾಗೆಲ್ಲ ಕಡ್ಡಿ ಹಿಗ್ಗಿ ಕುಗ್ಗಿ ಪೆಟ್ಟಿಗೆಯನ್ನು ನಡುಗಿಸುತ್ತಿತ್ತು, ಹಾಡಿನ ಸ್ವರ ಕೇಳುತ್ತಿತ್ತು.

ಇವತ್ತು ದೋಷ ಎಂದು ಬೈಯುವ ಈ ಸದ್ದನ್ನು ಒಂದು ಕಾಲಕ್ಕೆ ಸ್ಪೀಕರ್ ಆಗಿಯೇ ದುಡಿಸಿಕೊಂಡಿದ್ದರು. ಹಳೇ ವಾಲ್ವ್ ಸೆಟ್ಟುಗಳಲ್ಲಿ ಹಾರ್ನ್‌ಗೆ ಹೋಗುವ ದಾರಿಯಲ್ಲಿ ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹಾರ್ನ್ ದೂರದ ತೆಂಗಿನ ಮರದ ಮೇಲಿದ್ದರೂ ಭಕ್ತಿಗೀತೆ ಸಣ್ಣ ದನಿಯಲ್ಲಿ ಪೆಟ್ಟಿಗೆಯೊಳಗಿಂದಲೇ ಕೇಳುವುದುಂಟು. ದೆವ್ವ ಭೂತ ಏನೂ ಅಲ್ಲ. ಆ ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣ ಮೇಷ್ಟ್ರ ಕಡ್ಡಿಯಂತೆ ಹಾಡುತ್ತಿರುತ್ತದೆ. ಪರೀಕ್ಷೆ ಮಾಡೋಣವೆಂದು ಹಾರ್ನ್ ವೈರ್ ಕಿತ್ತು ವಾಲ್ವ್ ಸೆಟ್ ಜೋರಾಗಿ ಓಡಿಸಬೇಡಿ, ಹಾಗೆ ಮಾಡಿದರೆ ಆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಈಗ ಟ್ರಾನ್ಸ್‌ಫಾರ್ಮರ್ ಕತೆ. 1831ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ಎರಡು ಸುರುಳಿ ಸುತ್ತಿದರು. ಒಂದರಲ್ಲಿ ಕರೆಂಟ್ ಕೊಟ್ಟು ತೆಗೆದಾಗ ಇನ್ನೊಂದರಲ್ಲಿ ಮುಳ್ಳು ಅಲುಗಿತು. ಅದನ್ನು ಊರಿಗೆ ಕರೆಂಟ್ ಹಂಚುವ ಸಾಧನವಾಗಿ ಮಾಡಿದ್ದು 1885ರಲ್ಲಿ, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಗಾಂಜ್ ಕಾರ್ಖಾನೆಯ ಜಿಪರ್ನೋವ್‌ಸ್ಕಿ, ಬ್ಲಾಥಿ, ಡೇರಿ ಎಂಬ ಮೂವರು ಎಂಜಿನಿಯರ್‌ಗಳ ಕೆಲಸ ಅದು. ಟ್ರಾನ್ಸ್‌ಫಾರ್ಮರ್ ಎಂಬ ಹೆಸರು ಬಳಕೆಗೆ ಬಂದದ್ದೂ ಅವರಿಂದಲೇ.

ಕಬ್ಬಿಣವನ್ನು ಒಂದೇ ಗಟ್ಟಿಯಾಗಿ ಇಟ್ಟರೆ ಅದರೊಳಗೇ ಕರೆಂಟ್ ಸುತ್ತಿ ಕಾದುಹೋಗುತ್ತದೆ. ಹಾಗಾಗಿ ತೆಳು ತಗಡುಗಳನ್ನು ಒಂದಕ್ಕೊಂದು ತಾಗದಂತೆ ಲೇಪ ಹಚ್ಚಿ, ಪುಸ್ತಕದ ಹಾಳೆಗಳಂತೆ ಜೋಡಿಸುತ್ತಾರೆ. ರಿಪೇರಿಯವರು ಇವಕ್ಕೆ ‘ಸ್ಟ್ಯಾಂಪಿಂಗ್’ ಅನ್ನುತ್ತಾರೆ. ಶಾಖ ಕಡಿಮೆಯಾಯಿತು, ಸದ್ದಿಗೆ ಹೊಸ ದಾರಿ ತೆರೆಯಿತು. ಗಟ್ಟಿ ಕಬ್ಬಿಣ ಹಿಗ್ಗಿ ಕುಗ್ಗುವುದು ಮಾತ್ರ, ಹಾಳೆಗಳಾದರೆ ಒಂದನ್ನೊಂದು ಎಳೆದು ಬಿಟ್ಟು ಪಟಪಟ ಬಡಿದುಕೊಳ್ಳುತ್ತವೆ. ಸಡಿಲವಾದ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುವುದು ಬಿಟ್ಟು ಗರ್ರ್ ಅನ್ನುವುದು ಇದರಿಂದ.

ನಮ್ಮ ಕರೆಂಟ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಪೆಟ್ಟಿಗೆಯ ಸದ್ದು ಮಾತ್ರ 50 ಅಲ್ಲ, 100. ಒಂದು ಸುತ್ತಿನಲ್ಲಿ ಕಬ್ಬಿಣ ಒಮ್ಮೆ ಈ ಕಡೆ ಉತ್ತರ ಧ್ರುವವಾಗಿ, ಒಮ್ಮೆ ಆ ಕಡೆ ಉತ್ತರ ಧ್ರುವವಾಗಿ ಅಯಸ್ಕಾಂತ ಆಗುತ್ತದೆ. ಹಿಗ್ಗುವುದಕ್ಕೆ ಉತ್ತರ ದಕ್ಷಿಣದ ಭೇದವಿಲ್ಲ, ಎರಡು ಸಲವೂ ಹಿಗ್ಗುತ್ತದೆ. ಯಕ್ಷಗಾನ, ನಾಟಕದ ಹಾರ್ಮೋನಿಯಂ ಗೊತ್ತಿದ್ದವರು ಹೀಗೆ ನೆನಪಿಡಬಹುದು: ಬಿಳಿ ಐದರ ಮಂದ್ರ ಸ್ವರ ಸುಮಾರು 98, ಪೆಟ್ಟಿಗೆಯ ಶ್ರುತಿ ಅದಕ್ಕಿಂತ ಒಂದು ಕೂದಲು ಮೇಲೆ. ಬಿಳಿ ಒಂದರ ಶ್ರುತಿಯಲ್ಲಿ ಹಾಡುವವರಿಗೆ ಅದು ಹೆಚ್ಚುಕಡಿಮೆ ಮಂದ್ರ ಪಂಚಮ, ಅಷ್ಟೇನೂ ಕಾಟ ಕೊಡದು. ಬೇರೆ ಶ್ರುತಿಯವರಿಗೆ ಪೆಟ್ಟಿಗೆ ಪಕ್ಕದಲ್ಲಿದ್ದರೆ ಕಿರಿಕಿರಿ.

ಈ ಲೆಕ್ಕ ಹಿಡಿದು ನಮ್ಮ ಶಿವನಸಮುದ್ರಕ್ಕೆ ಬನ್ನಿ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ 35,000 ವೋಲ್ಟ್‌ನಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಇಷ್ಟು ಶಾಲೆಯ ಪುಸ್ತಕದಲ್ಲೂ ಇದೆ. ಅಷ್ಟಾಗಿ ಯಾರೂ ಹೇಳದ ಮಾತೆಂದರೆ ಆ ಕರೆಂಟ್ 50 ಸುತ್ತಿನದಲ್ಲ, 25 ಸುತ್ತಿನದು. ಅಮೆರಿಕದ ನಯಾಗರಾ ಜಲಪಾತದ ವಿದ್ಯುದಾಗಾರದಲ್ಲೂ ಆಗ 25 ಸುತ್ತೇ ಇತ್ತು, ಭಾರಿ ಮೋಟಾರ್‌ಗಳಿಗೆ ಅದು ಒಗ್ಗುತ್ತಿತ್ತು. ಹಾಗಾಗಿ ಕನ್ನಡ ನಾಡಿನ ಮೊದಲ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳ ಮೂಲ ಸ್ವರ 50, ಈಗಿನದರ ಕೆಳಗಿನ ಸಪ್ತಕ. ಅಷ್ಟು ತಗ್ಗಿದ ದನಿಗೆ ಮನುಷ್ಯರ ಕಿವಿ ಮಂದ. ಕಡಿಮೆ ಸುತ್ತಿನಲ್ಲಿ ಬಲ್ಬು ಮಿನುಗುವುದು ಕಣ್ಣಿಗೆ ಗೊತ್ತಾಗುತ್ತದೆ, ಕಬ್ಬಿಣವೂ ಹೆಚ್ಚು ಬೇಕು. ದೇಶಕ್ಕೆಲ್ಲ 50 ನಿಲ್ಲುತ್ತಿದ್ದಂತೆ ಇಲ್ಲಿನ 25 ಕೂಡ ಹೋಯಿತು. 1930ರ ದಶಕದಲ್ಲಿ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ವಿದ್ಯುತ್ ಕಾರ್ಖಾನೆ ಕಟ್ಟಿಸಿ ಟ್ರಾನ್ಸ್‌ಫಾರ್ಮರ್ ಮಾಡಿಸಿತು. ಅದೇ ಇವತ್ತಿನ ಕವಿಕಾ. ನಿಮ್ಮೂರಿನ ಟಿಸಿ ಮೇಲೆ ಆ ಹೆಸರಿನ ಫಲಕ ಇದ್ದರೂ ಇರಬಹುದು, ದೂರದಿಂದಲೇ ನೋಡಿ.

ಕಬ್ಬಿಣವನ್ನು ಸುಮ್ಮನಾಗಿಸುವ ಪ್ರಯತ್ನ ಉಕ್ಕಿನ ಕಾರ್ಖಾನೆಗಳಲ್ಲಿ ಬೇರೆಯೇ ನಡೆಯಿತು. 1900ರ ಆಸುಪಾಸಿನಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಮತ್ತು ಜೊತೆಗಾರರು ಕಬ್ಬಿಣಕ್ಕೆ ಸುಮಾರು ಶೇ 3ರಷ್ಟು ಸಿಲಿಕಾನ್ ಸೇರಿಸಿದರೆ ಕರೆಂಟ್ ಪೋಲಾಗುವುದು ಬಹಳ ತಗ್ಗುತ್ತದೆಂದು ಕಂಡುಕೊಂಡರು. 1934ರಲ್ಲಿ ಅಮೆರಿಕದ ನಾರ್ಮನ್ ಗಾಸ್ ತಗಡಿನ ಕಣಗಳನ್ನೆಲ್ಲ ಒಂದೇ ದಿಕ್ಕಿಗೆ ಮಲಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಸಿಲಿಕಾನ್ ಶೇ 6.5ಕ್ಕೆ ಏರಿಸಿದರೆ ಹಿಗ್ಗು ಕುಗ್ಗು ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ. ಆದರೆ ಆ ಉಕ್ಕು ಹಪ್ಪಳದಂತೆ ಒಡೆಯುತ್ತದೆ, ತಗಡು ಮಾಡಲು ಬರುವುದಿಲ್ಲ. ಜಪಾನಿನವರು 1990ರ ದಶಕದಲ್ಲಿ ಮೊದಲು ತಗಡು ಮಾಡಿ ಆಮೇಲೆ ಸಿಲಿಕಾನ್ ಹೀರಿಸುವ ಉಪಾಯದಿಂದ ಅದನ್ನು ಮಾರುಕಟ್ಟೆಗೆ ತಂದರು. ಮೈಕ್‌ಸೆಟ್‌ನವರ ಕೈಗೆಟುಕುವ ಬೆಲೆಯ ಸರಕಲ್ಲ.

ಇನ್ನು ಆಂಪ್ಲಿಫೈಯರ್. 1915ರಲ್ಲಿ ಕ್ಯಾಲಿಫೋರ್ನಿಯಾದ ಜೆನ್ಸನ್ ಮತ್ತು ಪ್ರಿಡಮ್ ಎಂಬ ಇಬ್ಬರು ಸಾವಿರಾರು ಜನರಿಗೆ ಕೇಳುವಂತೆ ಧ್ವನಿವರ್ಧಕ ಕಟ್ಟಿದಾಗ ಅದು ನಡೆದದ್ದು ಬ್ಯಾಟರಿಯ ಮೇಲೆ. ಬ್ಯಾಟರಿ ಕರೆಂಟ್ ಸುತ್ತು ತಿರುಗುವುದಿಲ್ಲ, ಹಾಗಾಗಿ ಗುಂಯ್ ಇಲ್ಲ. ವಾಲ್ವ್ ಸೆಟ್ಟುಗಳು ಗೋಡೆಯ ಕರೆಂಟಿಗೆ ಬಂದಮೇಲೆ ಶುರುವಾಯಿತು ನೋಡಿ. ವಾಲ್ವ್‌ಗೆ ಒಂದು ಕಡೆ ಮುನ್ನೂರು ನಾನೂರು ವೋಲ್ಟ್ ಬೇಕು, ಇನ್ನೊಂದು ಕಡೆ ಒಳಗಿನ ತಂತಿ ಕೆಂಪಗೆ ಕಾಯಲು 6.3 ವೋಲ್ಟ್ ಬೇಕು. ಎರಡನ್ನೂ ಕೊಡುವುದು ಒಂದು ಭಾರವಾದ ಮೇನ್ಸ್ ಟ್ರಾನ್ಸ್‌ಫಾರ್ಮರ್. ಅದರ ಪಕ್ಕ ಕರೆಂಟಿನ ಏರಿಳಿತ ನಯ ಮಾಡುವ ‘ಚೋಕ್’ ಎಂಬ ಇನ್ನೊಂದು ಕಬ್ಬಿಣದ ಗಡ್ಡೆ, ಅದೂ ಗುಂಯ್‌ಗುಡುತ್ತದೆ. ಕರೆಂಟ್ ಇಲ್ಲದ ಊರಿನಲ್ಲಿ ವಾಲ್ವ್ ಸೆಟ್ಟನ್ನು ಕಾರ್ ಬ್ಯಾಟರಿಯಲ್ಲಿ ಓಡಿಸಲು ‘ವೈಬ್ರೇಟರ್’ ಎಂಬ ನಡುಗುವ ನಾಲಿಗೆ ಬೇಕಿತ್ತು. ಅದಂತೂ ಡಬ್ಬಿಯಲ್ಲಿ ಸಿಕ್ಕ ದುಂಬಿ.

ಸದ್ದು ತಗ್ಗಿಸಲು ಕೈಕೆಲಸದವರು ಕಂಡುಕೊಂಡ ಉಪಾಯಗಳು ಇವತ್ತಿಗೂ ಬದಲಾಗಿಲ್ಲ. ಸ್ಟ್ಯಾಂಪಿಂಗ್‌ಗಳನ್ನು ಬಿಗಿಯಾಗಿ ತುಂಬಿ ನಾಲ್ಕು ಮೂಲೆಯ ಬೋಲ್ಟ್ ಬಿಗಿಯುವುದು. ಇಡೀ ಟ್ರಾನ್ಸ್‌ಫಾರ್ಮರನ್ನು ವಾರ್ನಿಷ್‌ನಲ್ಲಿ ಅದ್ದಿ, ಗುಳ್ಳೆ ಬರುವುದು ನಿಲ್ಲುವವರೆಗೆ ಬಿಟ್ಟು, ಕಾಯಿಸಿ ಒಣಗಿಸುವುದು. ಕಾರ್ಖಾನೆಯಲ್ಲಿ ಗಾಳಿ ಹೊರಗೆಳೆದು ಅದ್ದುತ್ತಾರೆ, ಆಗ ವಾರ್ನಿಷ್ ಎಲ್ಲ ಸಂದಿಗೂ ಇಳಿಯುತ್ತದೆ. ಮೋಟಾರ್ ರಿವೈಂಡಿಂಗ್ ಅಂಗಡಿಯವರಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಇನ್ನೊಂದು, ಟ್ರಾನ್ಸ್‌ಫಾರ್ಮರ್ ಮತ್ತು ಪೆಟ್ಟಿಗೆಯ ತಳದ ನಡುವೆ ರಬ್ಬರ್ ವಾಷರ್ ಹಾಕುವುದು. ಟ್ರಾನ್ಸ್‌ಫಾರ್ಮರ್ ಒಂದೇ ಹೆಚ್ಚು ಸದ್ದು ಮಾಡುವುದಿಲ್ಲ, ತೆಳು ತಗಡಿನ ಪೆಟ್ಟಿಗೆ ಅದನ್ನು ದೊಡ್ಡದು ಮಾಡುತ್ತದೆ. ರೈಸ್ ಮೇಷ್ಟ್ರ ಮರದ ಪೆಟ್ಟಿಗೆ ಮಾಡಿದ್ದೂ ಅದನ್ನೇ.

ಟ್ರಾನ್ಸಿಸ್ಟರ್ ಕಾಲ ಬಂದಮೇಲೆ ಒಳ್ಳೆಯ ಆಂಪ್ಲಿಫೈಯರ್‌ಗಳಲ್ಲಿ ದುಂಡನೆಯ, ಚಕ್ಕುಲಿಯಾಕಾರದ ಟ್ರಾನ್ಸ್‌ಫಾರ್ಮರ್ ಬಂತು. ಹೆಸರು ಟೊರಾಯ್ಡ್. ಫ್ಯಾರಡೆಯ ಬಳೆ ಸುತ್ತಿ ಬಳಸಿ ವಾಪಸ್ ಬಂದ ಹಾಗೆ. ಉದ್ದನೆಯ ತಗಡಿನ ಪಟ್ಟಿಯನ್ನೇ ಸುತ್ತಿರುವುದರಿಂದ ಬಡಿದುಕೊಳ್ಳಲು ಬಿಡಿ ಹಾಳೆಗಳಿಲ್ಲ, ಸಾಮಾನ್ಯವಾಗಿ ಮೌನಿ. ಆದರೆ ಒಂದು ಹಟವಿದೆ. ಕರೆಂಟಿನಲ್ಲಿ ಬ್ಯಾಟರಿಯಂಥ ಒಂದೇ ದಿಕ್ಕಿನ ಅಂಶ ಅರ್ಧ ವೋಲ್ಟ್‌ನಷ್ಟು ಬೆರೆತರೂ ಇದರ ಕಬ್ಬಿಣ ಒಂದು ಕಡೆಗೆ ತುಂಬಿಹೋಗಿ ಗೊಣಗತೊಡಗುತ್ತದೆ. ಕರೆಂಟಿನ ಅರ್ಧ ಅಲೆಯನ್ನಷ್ಟೇ ಬಳಸುವ ಅಗ್ಗದ ಹೇರ್ ಡ್ರೈಯರ್, ಹೀಟರ್‌ಗಳು ಅದೇ ಲೈನಿನಲ್ಲಿದ್ದರೆ ಹೀಗಾಗುತ್ತದೆ. ಅದು ಆಫ್ ಆದೊಡನೆ ಗೊಣಗುವುದೂ ನಿಲ್ಲುತ್ತದೆ, ಆಪರೇಟರ್ ತಲೆ ಕೆರೆದುಕೊಳ್ಳುತ್ತಾನೆ. ಟೊರಾಯ್ಡ್ ರಿಪೇರಿ ಮಾಡುವವರಿಗೆ ಒಂದು ಮಾತು: ನಡುವಿನ ಬೋಲ್ಟಿನ ಮೇಲ್ತುದಿ ಪೆಟ್ಟಿಗೆಯ ಮುಚ್ಚಳಕ್ಕೆ ತಾಗಬಾರದು. ತಾಗಿದರೆ ಬೋಲ್ಟ್ ಮತ್ತು ಪೆಟ್ಟಿಗೆ ಸೇರಿ ಒಂದು ಸುತ್ತು ತಂತಿಯ ಹಾಗಾಗಿ, ಭಾರಿ ಕರೆಂಟ್ ಹರಿದು ಟ್ರಾನ್ಸ್‌ಫಾರ್ಮರ್ ಕೆಡುತ್ತದೆ.

ಹಳ್ಳಿಯಲ್ಲಿ ಸದ್ದು ಹೆಚ್ಚಾಗಲು ದೊಡ್ಡ ಕಾರಣ ವೋಲ್ಟೇಜ್. 230 ವೋಲ್ಟ್‌ಗೆ ಲೆಕ್ಕ ಹಾಕಿದ ಟ್ರಾನ್ಸ್‌ಫಾರ್ಮರ್‌ಗೆ ರಾತ್ರಿ ಊರು ಮಲಗಿ, ಲೋಡ್ ಇಳಿದು, 260, 270 ಬಂತೆನ್ನಿ. ಕಬ್ಬಿಣ ತುಂಬಿ ತುಳುಕುತ್ತದೆ, ಗುಂಯ್ ಏರುತ್ತದೆ, ಪೆಟ್ಟಿಗೆ ಬಿಸಿಯಾಗುತ್ತದೆ. ಬೆಲೆ ಇಳಿಸಲು ಕಬ್ಬಿಣ ಕಡಿಮೆ ಹಾಕಿದ ಸೆಟ್ಟಿನಲ್ಲಿ ಇದು ಇನ್ನೂ ಬೇಗ. ಅಮೆರಿಕದಿಂದ ನೆಂಟರು ತಂದುಕೊಟ್ಟ ಆಂಪ್ಲಿಫೈಯರ್ ಇಲ್ಲಿ ಹೆಚ್ಚು ಸದ್ದು ಮಾಡುವುದಕ್ಕೂ ಇಂಥದ್ದೇ ಕಾರಣ. ಅಲ್ಲಿ ಕರೆಂಟ್ 60 ಸುತ್ತು, ಇಲ್ಲಿ 50. ವೋಲ್ಟೇಜ್ ಸರಿಮಾಡಿ ಕೊಟ್ಟರೂ ಕಬ್ಬಿಣದ ಮೇಲೆ ಶೇ 20ರಷ್ಟು ಹೊರೆ ಹೆಚ್ಚಾಗುತ್ತದೆ.

ಮೈಕ್‌ಸೆಟ್ ಪಕ್ಕ ರಾತ್ರಿ ಕಳೆದ ಹಳಬರಿಗೆ ಈ ಏರಿಳಿತ ಮೀಟರ್ ಇದ್ದ ಹಾಗೆ. ಗುಂಯ್ ಇದ್ದಕ್ಕಿದ್ದಂತೆ ಜೋರಾಗಿ, ಬಲ್ಬುಗಳು ಬೆಳ್ಳಗೆ ಉರಿದರೆ ತಡಮಾಡದೆ ಸ್ವಿಚ್ ಆರಿಸಿ. ಕಂಬದ ಕಡೆ ನ್ಯೂಟ್ರಲ್ ಕಡಿದಿದ್ದರೆ 230 ಬರಬೇಕಾದಲ್ಲಿ 400ರ ಹತ್ತಿರ ಬರಬಹುದು.

ಈಗ ಅರ್ತ್ ವೈರಿಗೆ ಬರುತ್ತೇವೆ. ಮಿಕ್ಸರ್ ಒಂದು ಬೋರ್ಡಿನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಬೋರ್ಡಿನಲ್ಲಿ ಇದ್ದರೆ ಎರಡು ಅರ್ತ್‌ಗಳ ನಡುವೆ ಸಣ್ಣ ಕರೆಂಟ್ ಸುತ್ತಿ, ಮೈಕ್ ಕೇಬಲ್ ಮೂಲಕ ಸೇರಿ, ಹಾರ್ನ್‌ನಲ್ಲಿ ಗುಂಯ್ ಬರುತ್ತದೆ. ಅರ್ತ್ ಕಿತ್ತರೆ ಆ ಸುತ್ತು ಕಡಿಯುತ್ತದೆ, ಸದ್ದು ನಿಲ್ಲುತ್ತದೆ. ಮುಂದೊಂದು ದಿನ ಟ್ರಾನ್ಸ್‌ಫಾರ್ಮರ್‌ನ ಒಳಗಿನ ಲೇಪ ಸುಟ್ಟು ಕರೆಂಟ್ ಪೆಟ್ಟಿಗೆಯ ಮೈಗೆ ತಾಗಿತು ಅಂದುಕೊಳ್ಳಿ. ಅರ್ತ್ ಇದ್ದಿದ್ದರೆ ಫ್ಯೂಸ್ ಹೋಗುತ್ತಿತ್ತು. ಇಲ್ಲದಿದ್ದರೆ ಪೆಟ್ಟಿಗೆಯ ಮೈಗೆ ಬಂದ ಕರೆಂಟ್ ಕೇಬಲ್ಲಿನ ಹೊರ ಜಾಲರಿಯಲ್ಲಿ ಹೋಗಿ ಮೈಕ್‌ನ ಲೋಹದ ಮೈಯಲ್ಲಿ ಕಾದು ನಿಲ್ಲುತ್ತದೆ. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಆ ಮೈಕ್ ಹಿಡಿಯುವವರು ಅರ್ಚಕರೋ, ಭಾಗವತರೋ, ಶಾಲೆಯ ಮಗುವೋ.

ಹಾರ್ನ್‌ನಲ್ಲಿ ಗುಂಯ್ ಬಂದರೆ ಎಲ್ಲ ಸಾಮಾನನ್ನೂ ಒಂದೇ ಬೋರ್ಡಿನಿಂದ ಕೊಡಿ. ಅದಕ್ಕೂ ನಿಲ್ಲದಿದ್ದರೆ ಮಿಕ್ಸರ್ ಮತ್ತು ಆಂಪ್ಲಿಫೈಯರ್ ನಡುವೆ ಚಿಕ್ಕ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಬೋರ್ಡಿಗೆ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಹಾಕಿಸಿದ್ದರೆ ಇನ್ನೂ ಒಳ್ಳೆಯದು. ಪೆಟ್ಟಿಗೆ ಮಾತ್ರ ಗುಂಯ್ ಅಂದರೆ ಅರ್ತ್ ಕಡೆ ಕೈ ಹಾಕಲೇಬೇಡಿ. ಪ್ಲಗ್ ತೆಗೆದು, ತಿಳಿದವರ ಹತ್ತಿರ ಬೋಲ್ಟ್, ವಾರ್ನಿಷ್, ರಬ್ಬರ್ ನೋಡಿಸಿ. ಪ್ಲಗ್ ತೆಗೆದಮೇಲೂ ವಾಲ್ವ್ ಸೆಟ್ಟಿನ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ, ನೀವಾಗಿ ಬಿಚ್ಚಬೇಡಿ.

ಹೊಸ ಆಂಪ್ಲಿಫೈಯರ್‌ಗಳಲ್ಲಿ ಹಲವು ಈಗ ಎಸ್‌ಎಂಪಿಎಸ್ ಮೇಲೆ ನಡೆಯುತ್ತವೆ, ನಿಮ್ಮ ಮೊಬೈಲ್ ಚಾರ್ಜರ್ ಇದ್ದ ಹಾಗೆ. ಅದರಲ್ಲೂ ಟ್ರಾನ್ಸ್‌ಫಾರ್ಮರ್ ಇದೆ, ಆದರೆ ನಿಂಬೆಹಣ್ಣಿನಷ್ಟು. ಸೆಕೆಂಡಿಗೆ ಹತ್ತಾರು ಸಾವಿರ ಸಲ ಅಯಸ್ಕಾಂತ ಆಗುತ್ತದೆ. ಮನುಷ್ಯರ ಕಿವಿ ಸುಮಾರು 20,000ಕ್ಕೆ ನಿಲ್ಲುವುದರಿಂದ ಕೇಳುವುದಿಲ್ಲ, ಫ್ಯಾನಿನ ಸದ್ದಷ್ಟೇ ಕೇಳುತ್ತದೆ. ಇಬ್ಬರು ಹೊರುತ್ತಿದ್ದ ಪೆಟ್ಟಿಗೆಯನ್ನು ಈಗ ಒಬ್ಬ ಬೈಕಿನಲ್ಲಿ ಒಯ್ಯುತ್ತಾನೆ. ಹಳೇ ಸೆಟ್ಟುಗಳು ಗುಜರಿಗೆ ಹೋಗುತ್ತಿವೆ. ಅಲ್ಲಿ ಟ್ರಾನ್ಸ್‌ಫಾರ್ಮರ್ ಒಡೆದು ತಾಮ್ರ ಬೇರೆ, ಸ್ಟ್ಯಾಂಪಿಂಗ್ ಬೇರೆ ಮಾಡಿ ಕಿಲೋ ಲೆಕ್ಕದಲ್ಲಿ ತೂಗುತ್ತಾರೆ.